ಚಿಗರಿ ಓಡತೈತಿ, ಗೋಪನಕೊಪ್ಪ ಇನ್ನೂ ಸ್ಕೂಟಿ ಮ್ಯಾಲೆ

ಹುಬ್ಬಳ್ಳಿ: ಮುಂಜಾನೆ ಒಂಬತ್ತಕ್ಕ ಗೋಪನಕೊಪ್ಪದ ಯಾವುದಾರ ಕಿರಾಣಿ ಅಂಗಡಿ ಮುಂದ ನಿಂತು ನೋಡ್ರಿ. ವಿದ್ಯಾನಗರದ ಕಾಲೇಜಿಗೆ, ಧಾರವಾಡದ ಆಫೀಸಿಗೆ ಹೊರಟ ಮಂದಿ ಬಹಳಷ್ಟು ಬೈಕ್, ಸ್ಕೂಟಿ ಮ್ಯಾಲೇ ಇರತಾರ. ಕೊರೊನಾ ಹೋಗಿ ವರ್ಷಗಳಾದ್ರೂ ಆಗ ಹತ್ತಿದ ರೂಢಿ ಹೋಗಿಲ್ಲ.

ಚಿಗರಿ ಬಸ್ಸಿನ ಗ್ರಹಚಾರ ಅನ್ರಿ. 2018ರ ಅಕ್ಟೋಬರ್‌ನಿಂದ ಪ್ರಾಯೋಗಿಕವಾಗಿ ಓಡುತ್ತಿದ್ದ ಬಿಆರ್‌ಟಿಎಸ್‌ಗೆ ಆಗಿನ ಉಪರಾಷ್ಟ್ರಪತಿ ವೆಂಕಯ್ಯ ನಾಯ್ಡು ಅಧಿಕೃತ ಚಾಲನೆ ಕೊಟ್ಟಿದ್ದು 2020ರ ಫೆಬ್ರುವರಿ 2ರಂದು. ಎರಡು ತಿಂಗಳು ತುಂಬೋದರೊಳಗ ಲಾಕ್‌ಡೌನ್! ಮೇ 19ಕ್ಕ ರಾಜ್ಯದಾಗ ಬಸ್ ಮತ್ತ ಶುರುವಾದಾಗ ಒಂದು ಬಸ್ಸಿಗೆ 30 ಮಂದಿ ಅಷ್ಟೇ. ಚಿಗರಿಯಂತೂ ಕಿಟಕಿ ಮುಚ್ಚಿದ ಎಸಿ ಬಸ್, ಸೋಂಕಿನ ಅಂಜಿಕೆ ಇದ್ದಾಗ ಹತ್ತೋರು ಯಾರು? 2021ರ ಏಪ್ರಿಲ್‌ನಾಗ ಸಾರಿಗೆ ನೌಕರರ ಮುಷ್ಕರ, ಅದರ ಬೆನ್ನಿಗೇ ಎರಡನೇ ಅಲೆ. ಆಗ ಕಂತಿನ ಮ್ಯಾಲೆ ಗಾಡಿ ತಗೊಂಡ ಮನಿಯವರು, ಕಂತು ತೀರಿದ ಮ್ಯಾಲೆ ಅದನ್ನ ಮನ್ಯಾಗ ನಿಲ್ಲಿಸಿ ಬಸ್ಸಿಗೆ ಹೋಗತಾರೇನು?

ಇದು ಬರೇ ಬಸ್ಸಿನ ಯೋಜನೆ ಆಗಿರಲಿಲ್ಲ. ವಿಶ್ವಬ್ಯಾಂಕ್ ಜೊತಿಗೆ ಜಿಇಎಫ್ ಅನ್ನೋ ಜಾಗತಿಕ ಪರಿಸರ ನಿಧಿಯ ನೆರವೂ ಇತ್ತು. ಮಂದಿ ಸ್ವಂತ ಗಾಡಿ ಬಿಟ್ಟು ಬಸ್ ಹತ್ತಿದ್ರ ಊರಿನ ಹೊಗಿ ಕಡಿಮೆ ಆಗತೈತಿ ಅನ್ನೋದು ಲೆಕ್ಕ. ಆದ್ರ ಡೀಸೆಲ್ ಬಸ್ ತುಂಬಿ ಓಡಿದ್ರ ಮಾತ್ರ ಆ ಲೆಕ್ಕ ಕೂಡತೈತಿ. ಲಾಕ್‌ಡೌನ್‌ನಾಗ ಆಕಾಶ ತಿಳಿ ಆತು ಅಂತ ಎಲ್ಲಾರೂ ಖುಷಿ ಪಟ್ವಿ. 2020ರಾಗ ಜಗತ್ತಿನ ಇಂಗಾಲದ ಹೊಗಿ ಸುಮಾರು ಶೇ 5ರಷ್ಟು ಇಳಿದಿದ್ದು ಖರೆ, ಮರುವರ್ಷವೇ ಮತ್ತ ಏರಿತು.

ನಮ್ಮ ಓಣಿಯ ತೊಡಕು ಬ್ಯಾರೆ. ಸುಮಾರು 22 ಕಿ.ಮೀ. ಕಾರಿಡಾರ್ ಇರೋದು ಪಿ.ಬಿ. ರಸ್ತೆಗುಂಟ. ಅಲ್ಲಿಗೆ ಮುಟ್ಟಾಕ ಆಟೊ ಹಿಡಿದ್ರ ಖರ್ಚು, ಸ್ಕೂಟಿ ತಗದ್ರ ಅದರಾಗೇ ಮುಂದ ಹೋಗೂದು ಸಲೀಸು. ಶಕ್ತಿ ಯೋಜನೆ ಎಸಿ ಬಸ್ಸಿಗೆ ಇಲ್ಲದ ಕಾರಣ ಹೆಣ್ಣುಮಕ್ಕಳು ಸಾದಾ ಬಸ್ ಕಾಯೋದೇ ಲೇಸು ಅಂತಾರ.

ಅಂಗಡಿಕಾರರಿಗೂ ಎರಡು ಮನಸು. ಲಾಕ್‌ಡೌನ್‌ನಾಗ ದುರ್ಗದಬೈಲಿಗೆ ಹೋಗಾಕ ಆಗದ ಗಿರಾಕಿ ಓಣಿ ಅಂಗಡಿಗೇ ಬಂದ. ಬಸ್ ಸಲೀಸಾದ್ರ ಅವ ಮತ್ತ ಪ್ಯಾಟಿಗೇ ಹೋದಾನು ಅನ್ನೋ ಅಂಜಿಕೆ. ಆದ್ರ ಅಂಗಡಿ ಮುಂದ ಗಾಡಿ ನಿಲ್ಲಸಾಕ ಜಾಗ ಸಿಗದ ಗಿರಾಕಿನೂ ಮುಂದ ಹೋಗೇ ಹೋಗತಾನ.

ಈಗ ಬಿಆರ್‌ಟಿಎಸ್ ದಾರಿಯಾಗ ಎಲೆಕ್ಟ್ರಿಕ್ ಎಲ್‌ಆರ್‌ಟಿ ತರೋ ಮಾತು ನಡದೈತಿ, ಜಿಲ್ಲಾ ಉಸ್ತುವಾರಿ ಸಚಿವ ಸಂತೋಷ ಲಾಡ್ ಆಸಕ್ತಿ ತೋರಿಸ್ಯಾರ. ಅದೂ ಪಿ.ಬಿ. ರಸ್ತೆಗುಂಟನೇ ಓಡೋದಾದ್ರ, ಗೋಪನಕೊಪ್ಪದಿಂದ ಅಲ್ಲಿಗೆ ಮುಟ್ಟಿಸೋ ಸಣ್ಣ ಬಸ್ ಎಷ್ಟು ಹೊತ್ತಿಗೊಂದು ಬರತೈತಿ ಅಂತ ವಾರ್ಡಿನ ಪಾಲಿಕೆ ಸದಸ್ಯರನ್ನ ಈಗಲೇ ಕೇಳ್ರಿ.