ಹೊಲದ ಮ್ಯಾಲ ಹಾರೂ ಬ್ಯಾಟರಿ ವಿಮಾನಕ್ಕೂ ಕರೆಂಟಿನ ಲೆಕ್ಕ ಬೇಕ್ರಿ



ಹಿಂಗಾರಿ ರಾಶಿ ಮುಗದು ಹೊಲ ಬಯಲಾತಂದ್ರ ಕಾಲೇಜಿನ ಹುಡುಗೂರು ಬ್ಯಾಟರಿ ವಿಮಾನ ಹಿಡಕೊಂಡು ಬರ್ತಾರ. "ಕಾಕಾ, ಅರ್ಧ ತಾಸು ಹಾರಿಸಿ ಹೋಗ್ತೀವ್ರಿ" ಅಂತಾರ. ಕೆಲವರು ಬೈದು ಕಳಸ್ತಾರ, ಕೆಲವರು ಏನೂ ಕೇಳದ ಹೂಂ ಅಂತಾರ. ನನಗ ಎರಡೂ ಸರಿ ಅನಸೂದಿಲ್ಲ. ಹೊಲ ಕೊಡೋಣು, ಆದ್ರ ಒಂದು ಪ್ರಶ್ನೆ ಕೇಳಿ ಕೊಡೋಣು: "ತಮ್ಮಾ, ಸರ್ವೋಗಳಿಗೆ ಕರೆಂಟ್ ಎಲ್ಲಿಂದ ಕೊಟ್ಟೀಪಾ?"

ಸರ್ವೋ ಅಂದ್ರ ರೆಕ್ಕಿ ಮತ್ತು ಬಾಲದ ಪಟ್ಟಿಗಳನ್ನು ತಿರುಗಿಸುವ ಸಣ್ಣ ಮೋಟರ್. ಎತ್ತಿಗೆ ಮೂಗುದಾರ ಇದ್ದಂಗ. ಅದು ನಿಂತ್ರ ವಿಮಾನ ಯಾರ ಮಾತೂ ಕೇಳೂದಿಲ್ಲ. ಸಾದಾ ವಿಮಾನಕ್ಕ ನಾಕು ಸರ್ವೋ, ಇಳಿಯುವಾಗ ವೇಗ ತಗ್ಗಿಸೂ ಪಟ್ಟಿ ಇದ್ರ ಆರು.

ತ್ರಾಸು ಇರೂದು ಇಲ್ಲೇ. ಮೂರು ಸೆಲ್ಲಿನ ಬ್ಯಾಟರಿ ಪೂರ್ತಿ ಚಾರ್ಜ್ ಆದಾಗ 12.6 ವೋಲ್ಟ್. ಸರ್ವೋಗೆ, ರಿಸೀವರ್‌ಗೆ ಸಾಮಾನ್ಯವಾಗಿ ಬೇಕಾದದ್ದು 5 ವೋಲ್ಟ್. ಮುಂದಿನ ಪಂಖಾದ ವೇಗ ನಡೆಸೂ ಇಎಸ್‌ಸಿ ಡಬ್ಬಿಯೊಳಗ ಈ ವೋಲ್ಟೇಜ್ ಇಳಿಸೂ ಭಾಗ ಒಂದು ಇರ್ತೈತಿ, ಅದಕ್ಕ ಬಿಇಸಿ ಅಂತಾರ. ಅಗ್ಗದ ಡಬ್ಬಿಯಲ್ಲಿ ಅದು ಲೀನಿಯರ್ ಜಾತಿದು, ಹೆಚ್ಚಾದ ವೋಲ್ಟೇಜನ್ನ ಬರೇ ಕಾವು ಮಾಡಿ ಹೊರಗ ಹಾಕತೈತಿ. ಸರ್ವೋಗಳು ಕೂಡಿ 1 ಆಂಪಿಯರ್ ಎಳದ್ರ, 12.6ರಾಗ 5 ಕಳದು 7.6 ವ್ಯಾಟ್ ಕಾವು. ಎರಡು ಸೆಲ್ಲಿಗೆ ಇದೇ ಲೆಕ್ಕ 3.4 ವ್ಯಾಟ್, ನಾಕು ಸೆಲ್ಲಿಗೆ 11.8 ವ್ಯಾಟ್. ಡಬ್ಬಿ ಮ್ಯಾಲ 2 ಆಂಪಿಯರ್ ಅಂತ ಬರದಿದ್ರೂ ಸೆಲ್ ಏರಿದಂಗ ಅದು ತಡಕೊಳ್ಳೂ ಸರ್ವೋ ಸಂಖ್ಯಾ ಇಳಿತೈತಿ. ಕಾವು ಮಿತಿ ದಾಟಿದ್ರ ಅದು ಬಂದ್ ಬೀಳತೈತಿ. ರೇಡಿಯೋ ಸಿಗ್ನಲ್ ತಪ್ಪಿದ್ರ ಕಾಯಾಕ ಫೇಲ್‌ಸೇಫ್ ಐತಿ ಅಂತಾರ. ಖರೆ, ಆದ್ರ ರಿಸೀವರ್‌ಗೇ ಕರೆಂಟ್ ಇಲ್ಲದಾಗ ಫೇಲ್‌ಸೇಫ್ ಏನ್ ಮಾಡ್ತೈತಿ?

ನಮಗಿದು ಹೊಸದಲ್ಲ. ಒಂದೇ ಟಿಸಿ ಮ್ಯಾಲ ಅದರ ತಾಕತ್ತು ಮೀರಿ ಪಂಪ್‌ಸೆಟ್ ಜೋಡಿಸಿದ್ರ ವೋಲ್ಟೇಜ್ ಕುಸಿತೈತಿ, ಮೋಟರ್ ಗುಂಯ್ ಅಂತಾವ, ಕಡೀಕ ಟಿಸಿನೇ ಹೋಗತೈತಿ. ಬೇರಿಂಗ್ ಹಿಡದ ಪಂಪು ಸ್ಟಾರ್ಟರ್ ಪೆಟ್ಟಿಗಿ ಆಂಪಿಯರ್ ಮುಳ್ಳು ಮ್ಯಾಲೇರಿಸೂದನ್ನ ನೋಡೇವಿ. ಸರ್ವೋನೂ ಹಂಗ. ಸುಮ್ಮನಿದ್ದಾಗ ಕೆಲವೇ ಮಿಲಿಆಂಪಿಯರ್, ತಂತಿ ಅಥವಾ ಕೀಲು ಬಿಗಿಯಾಗಿ ಸಿಕ್ಕೊಂಡ್ರ ಸಣ್ಣ 9 ಗ್ರಾಂ ಸರ್ವೋ ಸಹ ಅರ್ಧ ಆಂಪಿಯರ್ ದಾಟತೈತಿ. ನಿಂತಲ್ಲೇ ಗುಂಯ್ ಅನ್ನೋ ಸರ್ವೋ ಇದ್ರ ಮೊದಲು ಕೀಲು ಸಡಿಲ ಮಾಡಬೇಕು.

ಪರಿಹಾರ ದೊಡ್ಡ ಖರ್ಚಿಂದೇನಲ್ಲ. ಸ್ವಿಚಿಂಗ್ ಜಾತಿಯ ಬೇರೆ ಬಿಇಸಿ ಸಿಗತಾವ, ಅವು ಅಷ್ಟು ಕಾಯೂದಿಲ್ಲ. ಆರು ಸಣ್ಣ ಸರ್ವೋಗೆ 5 ಆಂಪಿಯರಿಂದು ಸಾಕು. ಅದರ ಒಂದು ತುದಿ ಬ್ಯಾಟರಿಗೆ, ಇನ್ನೊಂದು ರಿಸೀವರ್‌ಗೆ. ಆಗ ಇಎಸ್‌ಸಿಯಿಂದ ರಿಸೀವರ್‌ಗೆ ಬರೂ ಮೂರು ವಾಯರಿನಾಗ ಕೆಂಪದನ್ನು ಮಾತ್ರ ಪ್ಲಗ್ಗಿನಿಂದ ಕಳಚಿ ಟೇಪ್ ಸುತ್ತಬೇಕು, ಕರಿ ವಾಯರ್ ಮತ್ತು ಸಿಗ್ನಲ್ ವಾಯರ್ ಇರಬೇಕು. ಎರಡು ಕಡೆಯಿಂದ 5 ವೋಲ್ಟ್ ಒಂದೇ ಸಾಲಿಗೆ ಹರಿಸಿದ್ರ ಒಂದರ ಜೊತಿ ಒಂದು ಗುದ್ದಾಡತಾವ.

ಆಮೇಲೆ ಪಂಖಾ ಬಿಚ್ಚಿಟ್ಟು, ಎಲ್ಲ ಸರ್ವೋ ಒಮ್ಮೆಲೇ ಎರಡು ಮಿನಿಟ ಆಡಿಸಿ, ರಿಸೀವರ್‌ನ ಖಾಲಿ ಸಾಲಿಗೆ ಮಲ್ಟಿಮೀಟರ್ ಹಿಡೀಬೇಕು. 5 ವೋಲ್ಟ್ ಇರಬೇಕಾದಲ್ಲಿ 4.8ರ ಕೆಳಗೆ ಜಾರಿ ನಿಂತ್ರ ಅವತ್ತು ಹಾರಿಸಬಾರದು. ಕ್ಷಣಮಾತ್ರದ ಕುಸಿತ ಸಾದಾ ಮೀಟರಿಗೆ ಕಾಣೂದಿಲ್ಲ, ಅಂದಮ್ಯಾಲ ಮೀಟರಿಗೇ ಕಂಡಿದ್ದು ದೊಡ್ಡ ರೋಗ ಅಂತ ತಿಳೀರಿ.

"ಥರ್ಮಾಕೋಲ್ ವಿಮಾನಕ್ಕ ಇಷ್ಟ್ಯಾಕ?" ಅನ್ನೋರಿಗೆ ನನ್ನ ಉತ್ತರ: ಅದರ ಹೊಟ್ಟಿಯೊಳಗಿನ ಲಿಥಿಯಂ ಬ್ಯಾಟರಿ ಥರ್ಮಾಕೋಲ್ ಅಲ್ಲ. ಬಿದ್ದು ಜಜ್ಜಿದ್ರ ತಡಮಾಡಿ ಸಹಿತ ಹೊತ್ತಿಕೊಳ್ಳಬಹುದು. ಕಣಕಿ ಬಣವಿ ಮ್ಯಾಲ ಬಿತ್ತಂದ್ರ ವರ್ಷದ ಮೇವು ಹೋತು. ತಿರುಗೂ ಪಂಖಾ ಕಳೆ ತಗಿಯೂ ಹೆಣ್ಮಕ್ಕಳ ಕಡೆ, ಎತ್ತಿನ ಕಡೆ ನುಗ್ಗಿದ್ರ ಯಾರು ಹೊಣೆ? ಮ್ಯಾಲ ಹುಬ್ಬಳ್ಳಿ ವಿಮಾನ ನಿಲ್ದಾಣ ನಮ್ಮ ಬೈರಿದೇವರಕೊಪ್ಪಕ್ಕ ದೂರಿಲ್ಲ. 2021ರ ಡ್ರೋನ್ ನಿಯಮ ಇಂಥ ವಿಮಾನಕ್ಕೂ ಅನ್ವಯ ಆಗ್ತೈತಿ. ಡಿಜಿಟಲ್ ಸ್ಕೈ ನಕ್ಷೆ ನೋಡಿ, ಅನುಮತಿ ಬೇಕಾದಲ್ಲಿ ತಗೊಂಡೇ ಹಾರಿಸಬೇಕು.

ಹಂಗಂತ ಹುಡುಗೂರನ್ನ ಓಡಿಸಬ್ಯಾಡ್ರಿ. ಎಣ್ಣಿ ಹೊಡಿಯೂ ಡ್ರೋನ್ ಈಗ ಹೊಲಕ್ಕ ಬರಾಕತ್ತಾವ. ನಾಳೆ ಅವನ್ನ ರಿಪೇರಿ ಮಾಡೋರು ಇದೇ ಹುಡುಗೂರು. ಅವರು ಕಲೀಲಿ, ನಮ್ಮ ಹೊಲದಾಗೇ ಕಲೀಲಿ. ಆದ್ರ ಹೊಲ ಕೊಡೋ ಮುಂಚೆ ಮೂರು ಮಾತು ಕೇಳ್ರಿ: ಸರ್ವೋಗೆ ಬೇರೆ ಬಿಇಸಿ ಐತೇನು? ಮೀಟರ್ ಹಿಡದು ತೋರಸ್ತೀಯೇನು? ಸಿಗ್ನಲ್ ತಪ್ಪಿದ್ರ ಪಂಖಾ ನಿಲ್ಲೂ ಹಂಗ ಮಾಡೀಯೇನು? ಮೂರಕ್ಕೂ ಹೌದಂದ್ರ ಬಣವಿಯಿಂದ ದೂರದ ಬಯಲು ತೋರಸ್ರಿ. ಇಲ್ಲಂದ್ರ, "ಮಾಡಿಸ್ಕೊಂಡು ನಾಳೆ ಬಾರಪಾ" ಅನ್ರಿ. ಬೈಯೂ ಅವಶ್ಯ ಇಲ್ಲ.

ನಿಮ್ಮ ಹೊಲದಾಗೂ ಹಾರಸ್ತಿದ್ರ ಇದನ್ನ ಆ ಹುಡುಗೂರಿಗೆ ಓದಿ ಹೇಳ್ರಿ.