ಗಾಳಿಯ ಮೇಲೆ ಗೂಬೆ ಕೂರಿಸಬೇಡಿ

ಬಾಲಚಕ್ರದ ಪುಟ್ಟ ವಿಮಾನಗಳು ಅಡ್ಡಗಾಳಿಯಲ್ಲಿ ಇಳಿಯುವಾಗ ಅಪಘಾತಕ್ಕೀಡಾಗಲು ‘ಅನಿರೀಕ್ಷಿತ ಗಾಳಿ’ಯೇ ಕಾರಣ, ಈ ಹಳೆಯ ವಿನ್ಯಾಸವನ್ನು ಮ್ಯೂಸಿಯಮ್ಮಿಗೆ ಕಳಿಸಬೇಕು ಎಂದು ಕಳೆದ ಸಂಚಿಕೆಯ ಲೇಖಕರು ತೀರ್ಪು ಕೊಟ್ಟಿದ್ದಾರೆ. ಎರಡೂ ಮಾತು ತಪ್ಪು.

ಪೈಪರ್ ಕಬ್, ಸೆಸ್ನಾ 180ರಂಥ ವಿಮಾನಗಳಲ್ಲಿ ಗುರುತ್ವಕೇಂದ್ರ ಮುಖ್ಯ ಚಕ್ರಗಳ ಹಿಂದಿರುತ್ತದೆ. ಮೂತಿ ಓರೆಯಾಗಿರುವಾಗ, ಇಲ್ಲವೇ ವಿಮಾನ ಪಕ್ಕಕ್ಕೆ ಜಾರುತ್ತಿರುವಾಗ ಚಕ್ರ ನೆಲ ಮುಟ್ಟಿತೆನ್ನಿ: ಹಿಂದಿನ ಭಾರ ಆ ತಿರುವನ್ನು ಹೆಚ್ಚಿಸುತ್ತಲೇ ಹೋಗುತ್ತದೆ. ಬಾಲ ಮುಂದಕ್ಕೆ ನುಗ್ಗುತ್ತದೆ, ರೆಕ್ಕೆಯ ತುದಿ ನೆಲಕ್ಕೆ ಬಡಿಯುತ್ತದೆ. ಇದೇ ಗ್ರೌಂಡ್ ಲೂಪ್. ಗಾಳಿ ಅದನ್ನು ಶುರುಮಾಡಬಹುದು. ಬೆಳೆಯಲು ಬಿಡುವುದು ರಡ್ಡರ್ ಪೆಡಲಿನ ಮೇಲೆ ತಡವಾದ ಕಾಲು. ಅದೂ ವೇಗ ಇಳಿದಂತೆ ರಡ್ಡರಿನ ಹಿಡಿತ ಸಡಿಲವಾಗುವ ಹೊತ್ತಿನಲ್ಲಿ, ‘ಇಳಿದಾಯಿತು’ ಎಂದು ಪೈಲಟ್ ನಿರಾಳವಾಗುವ ಹೊತ್ತಿನಲ್ಲೇ.

ಅಮೆರಿಕದಲ್ಲಿ ಈ ವಿಮಾನ ಹಾರಿಸಲು ಬೋಧಕರ ಪ್ರತ್ಯೇಕ ಸಹಿ ಬೇಕು. 1991ರ ಏಪ್ರಿಲ್ 15ಕ್ಕೆ ಮೊದಲೇ ಇಂಥವನ್ನು ಪೈಲಟ್ ಇನ್ ಕಮಾಂಡ್ ಆಗಿ ಹಾರಿಸಿದವರಿಗೆ ವಿನಾಯಿತಿ. ಅಡ್ಡಗಾಳಿಯ ಪಾಠ ಕಡ್ಡಾಯ, ಆದರೆ ಎಷ್ಟು ಗಾಳಿ ಎಂದು ನಿಯಮ ಹೇಳುವುದಿಲ್ಲ. ತಂಗಾಳಿಯಲ್ಲಿ ಕಲಿತವರೂ ಪಾಸು! ಲೇಖಕರು ಸಿಟ್ಟಾಗಬೇಕಿದ್ದದ್ದು ಇಲ್ಲಿ.

ಇನ್ನು ಮ್ಯೂಸಿಯಂ. ಅಲಾಸ್ಕಾದ ನದಿದಂಡೆಯ ಜಲ್ಲಿಯ ಮೇಲೆ ಇಳಿಯುವವರನ್ನು ಕೇಳಿ. ಪ್ರೊಪೆಲ್ಲರ್ ಕಲ್ಲಿಗೆ ತಾಗದಷ್ಟು ಎತ್ತರದಲ್ಲಿರಬೇಕು. ಮುರಿಯಲು ಮೂಗಿನ ಚಕ್ರವೇ ಇರಬಾರದು. ಬಾಲಚಕ್ರದ ವಿನ್ಯಾಸ ಕೊಡುವುದು ಇವೆರಡನ್ನೇ.

ಗಾಳಿ ಅನಿರೀಕ್ಷಿತವೂ ಅಲ್ಲ. ರನ್‌ವೇಗೆ 30 ಡಿಗ್ರಿ ಓರೆಯಾಗಿ ಬೀಸುವ 20 ನಾಟ್ ಗಾಳಿಯಲ್ಲಿ ಅಡ್ಡಗಾಳಿಯ ಪಾಲು 10 ನಾಟ್. ಇಳಿಯುವ ಮುಂಚೆಯೇ ಮಾಡಬಹುದಾದ ಲೆಕ್ಕವಿದು. ಅದು ವಿಮಾನದ ಇಲ್ಲವೇ ಪೈಲಟ್‌ನ ಮಿತಿ ಮೀರಿದರೆ ಬೇರೆ ರನ್‌ವೇ ಹುಡುಕಬಹುದು, ಮತ್ತೆ ಮೇಲೇರಬಹುದು. ಲೇಖನದಲ್ಲಿ ಈ ಎರಡು ಆಯ್ಕೆಗಳ ಸುಳಿವೇ ಇಲ್ಲ.