ಟರ್ಕಿ ಕೋಳಿಯ ಕಾಲಿಗೆ ಹಳೆಯ ಮಸಾಲೆ, ಹೊಸ ಎಚ್ಚರಿಕೆ

ಒಂದನೆಯ ಎಲಿಜಬೆತ್ ರಾಣಿಯ ಕಾಲದ ಇಂಗ್ಲೆಂಡನ್ನು ಅನುಕರಿಸತಕ್ಕ ಜಾತ್ರೆಗಳು ಅಮೆರಿಕಾ ದೇಶದ ಕ್ಯಾಲಿಫೋರ್ನಿಯಾದಲ್ಲಿ 1963ನೆಯ ಇಸವಿಯಲ್ಲಿ ಮೊದಲಾದುವು. ಅವುಗಳಲ್ಲಿ ಹೊಗೆಯಲ್ಲಿ ಬೇಯಿಸಿದ ಟರ್ಕಿ ಕೋಳಿಯ ಕಾಲು ಬಹು ಪ್ರಸಿದ್ಧವಾದ ತಿನಿಸಾಗಿದೆ. ಈಗ ಅದನ್ನು ಮನೆಯಲ್ಲಿಯೇ, ಪುರಾತನವೆಂದು ಹೇಳತಕ್ಕ ಮಸಾಲೆಗಳಿಂದ ಸಿದ್ಧಪಡಿಸುವವರೂ ಇದ್ದಾರೆ. ಈ ಉತ್ಸಾಹವು ಮೆಚ್ಚತಕ್ಕದ್ದೇ. ಆದರೆ ಹಿಂದಿನವರಿಂದ ಕೊಳ್ಳತಕ್ಕದ್ದು ಯಾವುದು, ಬಿಡತಕ್ಕದ್ದು ಯಾವುದು ಎಂಬುದನ್ನು ವಿವೇಚಿಸುವುದು ಅವಶ್ಯಕ.

ಟರ್ಕಿ ಕೋಳಿಯು ಟರ್ಕಿ ದೇಶದ್ದಲ್ಲ. ಮೆಕ್ಸಿಕೋ ದೇಶದವರು ಸಾಕಿ ಪಳಗಿಸಿದ ಪಕ್ಷಿ. ಸ್ಪೇನಿನವರು ಅದನ್ನು ಹದಿನಾರನೆಯ ಶತಮಾನದ ಆದಿಭಾಗದಲ್ಲಿ ಯೂರೋಪಿಗೆ ಒಯ್ದರು. 1612ರಲ್ಲಿ ಗೋವೆಯಿಂದ ಬಂದ ಇಂತಹ ಪಕ್ಷಿಯನ್ನು ಕಂಡು ಜಹಾಂಗೀರ್ ಬಾದಶಹನು ಆಶ್ಚರ್ಯಪಟ್ಟು ಅದರ ಚಿತ್ರವನ್ನು ಬರೆಯಿಸಿದನು. ಆದುದರಿಂದ ಇದು ಯೂರೋಪಿನ ಮಧ್ಯಯುಗದ ರಾಜಭೋಜನವೆಂಬುದು ಸರಿಯಲ್ಲ.

ಮಸಾಲೆಯ ವಿಷಯದಲ್ಲಿಯೂ ಇದೇ ವಿವೇಕವು ಬೇಕು. ಮೆಕ್ಸಿಕೋದ ರೀತಿಯನ್ನು ಬಯಸುವವರು ಒಣಮೆಣಸಿನಕಾಯಿಯನ್ನು ಧಾರಾಳವಾಗಿ ಬಳಸಬಹುದು. ಹದಿನಾರನೆಯ ಶತಮಾನದ ಇಂಗ್ಲೆಂಡಿನ ರುಚಿಯನ್ನು ಬಯಸುವವರು ಕರಿಮೆಣಸು, ಶುಂಠಿ, ದಾಲ್ಚಿನ್ನಿ, ಲವಂಗ, ಜೇನುತುಪ್ಪ ಇವುಗಳನ್ನು ಆರಿಸುವುದು ಯೋಗ್ಯ. ಆ ಕಾಲದ ಯೂರೋಪಿಗೆ ಕರಿಮೆಣಸು ಬಹುಮಟ್ಟಿಗೆ ಹೋಗುತ್ತಿದ್ದುದು ನಮ್ಮ ಪಶ್ಚಿಮ ಕರಾವಳಿಯಿಂದ. ಗೇರುಸೊಪ್ಪೆಯ ಚೆನ್ನಭೈರಾದೇವಿಯನ್ನು ಪೋರ್ಚುಗೀಸರು ‘ಮೆಣಸಿನ ರಾಣಿ’ ಎಂದು ಕರೆದುದನ್ನು ವಾಚಕರು ಬಲ್ಲರು.

ಮಸಾಲೆಯಲ್ಲಿ ಹಿಂದಿನವರನ್ನು ಅನುಸರಿಸಿದರೆ ಹಾನಿಯಿಲ್ಲ. ಆದರೆ ಬೆಂದಿತೋ ಇಲ್ಲವೋ ಎಂಬುದನ್ನು ಅವರಂತೆ ಕಣ್ಣಳತೆಯಿಂದ ನಿರ್ಧರಿಸುವುದು ಅಪಾಯಕರವೆಂದು ನಮ್ಮ ದೃಢವಾದ ಅಭಿಪ್ರಾಯ. ಹೊಗೆಯು ಚರ್ಮಕ್ಕೆ ಬಣ್ಣವನ್ನು ಬೇಗ ಕೊಡುತ್ತದೆ, ಒಳಗಿನ ಮಾಂಸವು ಆಗಲೂ ಹಸಿಯಾಗಿರಬಹುದು. ಚೆನ್ನಾಗಿ ಬೆಂದ ಮೇಲೆಯೂ ಮಾಂಸವು ನಸುಗೆಂಪಾಗಿರಬಹುದು. ಹೀಗೆ ಬಣ್ಣವು ಎರಡು ಬಗೆಯಿಂದಲೂ ಮೋಸಗೊಳಿಸತಕ್ಕದ್ದು. ಅರೆಬೆಂದ ಕೋಳಿಮಾಂಸದಿಂದ ಸಾಲ್ಮೊನೆಲ್ಲಾ ಎಂಬ ಸೂಕ್ಷ್ಮಜೀವಿಯು ಮನೆಮಂದಿಯನ್ನೆಲ್ಲಾ, ವಿಶೇಷವಾಗಿ ಮಕ್ಕಳನ್ನೂ ವೃದ್ಧರನ್ನೂ, ಹಾಸಿಗೆ ಹಿಡಿಸಬಲ್ಲದು.

ಕ್ರಮವು ಕಷ್ಟವಾದುದಲ್ಲ. ಒಂದು ಲೀಟರ್ ನೀರಿಗೆ ಸುಮಾರು 60 ಗ್ರಾಂ ಉಪ್ಪನ್ನೂ ಮಸಾಲೆಯನ್ನೂ ಸೇರಿಸಿ ಕುದಿಸಿ, ಪೂರ್ತಿ ಆರಿದ ಮೇಲೆ ಕಾಲುಗಳನ್ನು ಅದರಲ್ಲಿ ಮುಳುಗಿಸಿ, ಶೀತಕ ಪೆಟ್ಟಿಗೆಯಲ್ಲಿ 12ರಿಂದ 24 ಘಂಟೆಗಳ ಕಾಲ ಇಡಬೇಕು. ನೆನೆಸಿದ ನೀರನ್ನು ಪುನಃ ಉಪಯೋಗಿಸಕೂಡದು. ಅಂಗಡಿಯ ಕಾಲುಗಳಿಗೆ ಕೆಂಪು ಬಣ್ಣ ಕೊಡತಕ್ಕ ಸೋಡಿಯಂ ನೈಟ್ರೈಟನ್ನು ಅಂದಾಜಿನಿಂದ ಹಾಕುವುದು ಪ್ರಾಣಾಪಾಯಕರ. ಅದಿಲ್ಲದೆಯೂ ರುಚಿಯು ಕೆಡದು. ಸೇಬಿನ ಅಥವಾ ಓಕ್ ಮರದ ಒಣ ಕಟ್ಟಿಗೆಯು ಉತ್ತಮ. ರಾಳವುಳ್ಳ ಪೈನ್ ಮರವನ್ನೂ ಬಣ್ಣ ಬಳಿದ ಹಲಗೆಗಳನ್ನೂ ಸುಡಲಾಗದು. ಒಲೆಯೊಳಗಿನ ಶಾಖವನ್ನು 110ರಿಂದ 135 ಡಿಗ್ರಿ ಸೆಂಟಿಗ್ರೇಡಿನಲ್ಲಿರಿಸಿ, ಉಷ್ಣಮಾಪಕವನ್ನು ಎಲುಬಿಗೆ ತಾಗದಂತೆ ದಪ್ಪ ಭಾಗದಲ್ಲಿ ಚುಚ್ಚಿ ನೋಡತಕ್ಕದ್ದು. ಅದು 74 ಡಿಗ್ರಿಯನ್ನು ಮುಟ್ಟದೆ ಮಾಂಸವನ್ನು ಬಡಿಸಕೂಡದು. 80 ದಾಟಿದರೆ ಕಾಲಿನ ಗಟ್ಟಿಯಾದ ಮಾಂಸವು ಇನ್ನಷ್ಟು ಮೆತ್ತಗಾಗುತ್ತದೆ. ಹೀಗೆ ಹೊಗೆ ತಾಗಿದ ಮಾತ್ರಕ್ಕೆ ಮಾಂಸವು ಕೆಡದೆ ಉಳಿಯದು. ಮಿಕ್ಕುದನ್ನು ಎರಡು ಘಂಟೆಗಳೊಳಗಾಗಿ ಶೀತಕಕ್ಕೆ ಸೇರಿಸಬೇಕು.

ಮಸಾಲೆಯನ್ನು ಹಿರಿಯರಿಂದ ಕೊಳ್ಳೋಣ. ಬೆಂದುದರ ಸಾಕ್ಷಿಯನ್ನು ಮಾತ್ರ ಉಷ್ಣಮಾಪಕದಿಂದಲೇ ಪಡೆಯೋಣ.